ಹಳದಿ ಗೋಡೆಯ ಕೊನೆಯ ಟೈಲ್

“ಹಳದಿ! ಹಳದೀನೇ ಬೇಕು!” ಟೈಲ್ಸ್ ಅಂಗಡಿಯ ನಡುವೆ ನಿಂತು ಮರಿ ಕುಣಿದ.

ಅಪ್ಪ ನಕ್ಕರು, ಅಮ್ಮ ನಕ್ಕರು. ಅಂಗಡಿಯವರೂ ನಕ್ಕು, “ನಿಮ್ಮ ಹುಡುಗನ ಸೆಲೆಕ್ಷನ್ ಸೂಪರ್ ಮೇಡಂ,” ಎಂದರು.

ನಗದೇ ಇದ್ದವಳು ಅವನ ಅಕ್ಕ ಒಬ್ಬಳೇ. ಬೆಂಕಿಕಡ್ಡಿಯ ಹಾಗೆ ತೆಳ್ಳಗಿದ್ದಾಳೆಂದು ಮನೆಯಲ್ಲಿ ಅವಳನ್ನು ಕಡ್ಡಿ ಎನ್ನುತ್ತಾರೆ. ಅದರ ಹಾಗೆಯೇ ಭಗ್ಗನೆ ಹೊತ್ತಿಕೊಳ್ಳುತ್ತಾಳೆ ಎಂಬುದೂ ಸುಳ್ಳಲ್ಲ. ಅಡುಗೆಮನೆಯ ಗೋಡೆಗೆ ನೀಲಿ ಟೈಲ್ ಬೇಕೆಂದು ಅವಳು ಒಂದು ಗಂಟೆಯಿಂದ ಹೇಳುತ್ತಲೇ ಇದ್ದಳು.

“ನೀಲೀನೂ ಚೆನ್ನಾಗಿದೆ ಕಣೇ. ಆದ್ರೆ ನಮ್ಮ ಅಡುಗೆಮನೇಲಿ ಬೆಳಕು ಕಮ್ಮಿ,” ಎಂದರು ಅಮ್ಮ.

“ಯಾವಾಗ್ಲೂ ಅವನು ಹೇಳಿದ್ದೇ ಆಗ್ಬೇಕು! ಯುಕೆಜಿ ಓದೋನಿಗೆ ಟೈಲ್ಸ್ ಬಗ್ಗೆ ಏನು ಗೊತ್ತು?”

“ಈ ಹಳದಿ ಕೊನೇ ಸ್ಟಾಕು,” ಎಂದರು ಅಂಗಡಿಯವರು. “ನಿಮ್ಮ ಗೋಡೆಗೆ ಸರಿಯಾಗಿ ಆಗತ್ತೆ. ಒಂದೂ ಒಡೀಬೇಡಿ. ಹೊಸ ಬ್ಯಾಚ್‌ನಲ್ಲಿ ಈ ಶೇಡ್ ಬರಲ್ಲ.”

ಆ ಮಾತನ್ನು ಕಡ್ಡಿಯ ಕಿವಿ ಹಿಡಿದುಕೊಂಡಿತು. ಮುಖ ಊದಿಸಿಕೊಂಡು ಹೊರಗೆ ಹೋಗಿ ನಿಂತಳು. ಸಂಜೆ ಟೈಲ್ಸ್ ಮನೆಗೆ ಬಂದಾಗ, ಯಾರೂ ಇಲ್ಲದ ಹೊತ್ತು ನೋಡಿ ಒಂದನ್ನು ಎತ್ತಿಕೊಂಡಳು. ತನ್ನ ಮಂಚದ ಕೆಳಗೆ, ಹಳೇ ನೋಟ್‌ಬುಕ್ಕುಗಳ ಅಡಿಯಲ್ಲಿ ಬಚ್ಚಿಟ್ಟಳು.

‘ಗೋಡೆ ಹಲ್ಲು ಬಿದ್ದ ಬಾಯಿ ಥರ ಕಾಣ್ಲಿ. ಹಾಗೇ ಆಗ್ಬೇಕು ಮಹಾರಾಜರಿಗೆ!’ ಎಂದುಕೊಂಡಳು. ಹೊಟ್ಟೆಕಿಚ್ಚು ಸ್ವಲ್ಪ ತಣ್ಣಗಾಯಿತು.

ಮರುದಿನ ಭಾನುವಾರ ಟೈಲ್ಸ್ ಮೇಸ್ತ್ರಿ ಬಂದರು. ಅವರದ್ದೊಂದು ಪದ್ಧತಿ. ಸಿಮೆಂಟ್ ಕಲಸುವ ಮೊದಲು ಎಲ್ಲ ಟೈಲ್ಸನ್ನೂ ಗೋಡೆಯ ಮೇಲೆ ಬರುವ ಹಾಗೆಯೇ ಹಾಲ್‌ನ ನೆಲದ ಮೇಲೆ ಹಾಸುತ್ತಾರೆ. ಸಾಲು ಸಾಲಾಗಿ ಹಾಸುತ್ತಾ ಬಂದವರು ನಡುವೆ ಒಂದು ಜಾಗ ಹಾಗೇ ಬಿಟ್ಟರು.

ಕಡ್ಡಿ ಮೆಲ್ಲಗೆ ಹತ್ತಿರ ಬಂದಳು. “ಮೇಸ್ತ್ರಿ ಮಾಮ, ಅಲ್ಲಿ... ಕಮ್ಮಿ ಬಿತ್ತಾ?”

“ಇಲ್ಲ ಪುಟ್ಟಾ, ಬೇಕಂತ್ಲೇ ಬಿಟ್ಟಿದ್ದು. ನಿಮ್ಮಮ್ಮ ನಿನ್ನೇನೇ ಫೋನ್ ಮಾಡಿ ಹೇಳಿದ್ರು.”

ಅಮ್ಮ ಒಳಗಿನಿಂದ ನ್ಯೂಸ್‌ಪೇಪರ್ ಸುತ್ತಿದ ಪೊಟ್ಟಣ ತಂದು ಬಿಚ್ಚಿದರು. ಅದರಲ್ಲಿ ಒಂದೇ ಒಂದು ನೀಲಿ ಟೈಲ್ ಇತ್ತು.

“ನೀನು ಮುಖ ಊದಿಸ್ಕೊಂಡು ಹೊರಗೆ ಹೋದ್ಯಲ್ಲ, ಆಗ ಒಂದು ಹಳದಿ ವಾಪಸ್ ಕೊಟ್ಟು ಇದನ್ನ ತಗೊಂಡೆ. ಸ್ಟವ್ ಮುಂದೆ ನಿಂತ್ರೆ ನನ್ನ ಕಣ್ಣಿಗೆ ಮೊದ್ಲು ಇದೇ ಬೀಳ್ಬೇಕು,” ಎಂದರು.

ನೀಲಿ ಟೈಲ್ ತನ್ನ ಜಾಗದಲ್ಲಿ ಕೂತಿತು. ಆದರೆ ಹಾಸುತ್ತಾ ಸಿಂಕ್ ಪಕ್ಕ ಬರುವ ಮೂಲೆಗೆ ತಲುಪಿದಾಗ ಮೇಸ್ತ್ರಿಯ ಕೈ ಖಾಲಿಯಾಯಿತು. ಅವರು ಎರಡು ಸಲ ಎಣಿಸಿದರು, ತಲೆ ಕೆರೆದುಕೊಂಡರು.

“ಒಂದು ಹಳದಿ ಕಮ್ಮಿ ಇದೆಯಲ್ಲ ಸಾರ್!”

“ನಾನೇ ಎಣಿಸಿ ತಂದಿದ್ದೀನಿ!” ಎಂದರು ಅಪ್ಪ.

ಮರಿ ಆ ಖಾಲಿ ಜಾಗದ ಮುಂದೆ ಕುಕ್ಕರುಗಾಲಲ್ಲಿ ಕೂತು ಯೋಚಿಸಿದ.

“ಅಲ್ಲಿಗೂ ಅಕ್ಕನ ನೀಲೀನೇ ತಂದು ಹಾಕಿ,” ಎಂದ. “ನಂದು ಇಷ್ಟೊಂದಿದೆ. ಅಕ್ಕಂದು ಪಾಪ, ಒಂದೇ.”

ನಾಚಿಕೆಯಿಂದ ಕಡ್ಡಿಯ ಕಿವಿಯೆಲ್ಲ ಬಿಸಿಯಾಯಿತು. ರೂಮಿಗೆ ಓಡಿ, ಮಂಚದ ಕೆಳಗೆ ತೂರಿ, ಟೈಲ್ ಹಿಡಿದುಕೊಂಡು ಬಂದಳು. ಕೂದಲಲ್ಲಿ ಧೂಳು ಮೆತ್ತಿತ್ತು.

“ನಾನೇ ಬಚ್ಚಿಟ್ಟಿದ್ದೆ,” ಎಂದಳು ನೆಲ ನೋಡುತ್ತಾ.

ಅಮ್ಮ ಸೊಂಟದ ಮೇಲೆ ಕೈಯಿಟ್ಟರು. “ನಿನ್ನ ಹತ್ರ ಆಮೇಲೆ ಮಾತಾಡ್ತೀನಿ.”

ಮರಿಗೆ ಮಾತ್ರ ಖುಷಿಯೋ ಖುಷಿ. “ಸಿಕ್ತು! ಅಕ್ಕಂಗೆ ಸಿಕ್ತು!”

ಸಂಜೆ ಹೊತ್ತಿಗೆ ಗೋಡೆಯಲ್ಲಿ ಆ ಮೂಲೆಯೊಂದೇ ಉಳಿದಿತ್ತು. ಮೇಸ್ತ್ರಿ ಟೈಲ್ ಹಿಂದೆ ಸಿಮೆಂಟ್ ಮೆತ್ತಿ ಕಡ್ಡಿಯ ಕೈಗೆ ಕೊಟ್ಟರು. “ಇದನ್ನ ನೀನೇ ಕೂರಿಸು. ಇಪ್ಪತ್ತು ಎಣಿಸೋ ತನಕ ಕೈ ತೆಗೀಬೇಡ.”

ಕಡ್ಡಿ ಟೈಲನ್ನು ಮೂಲೆಯಲ್ಲಿ ಇಟ್ಟಳು. ಆಮೇಲೆ, “ಬಾರೋ ಮರಿ, ನೀನೂ ಒತ್ತು. ಎಣಿಸೋದೂ ನೀನೇ,” ಎಂದಳು.

ಮರಿ ಓಡಿಬಂದು ಎರಡೂ ಪುಟ್ಟ ಕೈಗಳನ್ನು ಅವಳ ಕೈಗಳ ಪಕ್ಕ ಇಟ್ಟ. ಒಂದರಿಂದ ಜೋರಾಗಿ ಎಣಿಸತೊಡಗಿದ. ಅವನು ಯಾವಾಗಲೂ ಹದಿನೈದನ್ನು ಬಿಟ್ಟುಬಿಡುತ್ತಾನೆ. ಅದಕ್ಕಾಗಿ ಕಡ್ಡಿ ದಿನಾ ಅವನನ್ನು ಗೇಲಿ ಮಾಡುತ್ತಾಳೆ.

“ಹದಿಮೂರು, ಹದಿನಾಲ್ಕು, ಹದಿನಾರು...”

ಕಡ್ಡಿ ಟೈಲನ್ನು ಗಟ್ಟಿಯಾಗಿ ಒತ್ತಿ ಹಿಡಿದಳು. ಅವನ ಜೊತೆ ತಾನೂ ಎಣಿಸಿದಳು, “ಹದಿನೇಳು, ಹದಿನೆಂಟು...”