ಮಸಿ ಹತ್ತದ ಅಂಗಿ

"ಓಡ್ರಿ ಇಮಾಮಬಿ... ಓಡ್ರಿ!"

ದಾಂಡೇಲಿಯ ಬೆಳಗಿನ ಪ್ಯಾಸೆಂಜರ್ ಹೊರಟೇಬಿಟ್ಟಿತ್ತು. ನಮ್ಮ ಹಿಂದೆ ಮೂವರು. ಒಬ್ಬನ ಕೈಯಲ್ಲಿ ಕೊಡಲಿ!

ಅವಳನ್ನು ಇಂಜಿನ್ನಿನ ಹಿಂದಿನ ಡಬ್ಬಿಗೆ ತಳ್ಳಿದೆ. ನಾನೂ ಸಲಾಕೆ ಹಿಡಿದು ನೇತಾಡಿದೆ. ಕೊಡಲಿ ಫುಟ್‌ಬೋರ್ಡಿಗೆ ಬಡಿಯಿತು. ನನ್ನ ಕಾಲು ಅಲ್ಲಿಂದ ಆಗತಾನೇ ಮೇಲೆ ಬಂದಿತ್ತು.

ಮೂವರೂ ಹಿಂದೆ ಉಳಿದರು. ಆದರೆ ಅವರ ಜೀಪು ಹಳಿಯಾಳದ ರಸ್ತೆಗೆ ತಿರುಗಿದ್ದು ಕಿಟಕಿಯಿಂದ ಕಂಡಿತು. ಹಳಿಯಾಳ ದಾಟಿದರೆ ಅಳ್ನಾವರ. ನಾವು ಗಾಡಿ ಬದಲಿಸುವುದೂ ಅಲ್ಲೇ!

ಅರವತ್ತೆರಡರ ಮಾತು ಇದು. ನಾನು ಅಡಿವೆಯ್ಯ. ಪೊಲೀಸ್ ನೌಕರಿ ಬಿಟ್ಟ ಮೇಲೆ ಬೇರೆಯವರಿಗೆ ಬೇಡವಾದ ಕೆಲಸವೆಲ್ಲ ನನ್ನದು. ಇಮಾಮಬಿಯ ಗಂಡ ಕಾಸಿಂಸಾಬ, ಲಾರಿ ಮೆಕ್ಯಾನಿಕ್. ಜೊಯಿಡಾ ಕಾಡಿನಲ್ಲಿ ಕಟ್ಟಿಗೆ ಕಾಂಟ್ರಾಕ್ಟರ್ ಮುದಕಪ್ಪ ಅವನನ್ನು ಕಡಿದು ಹಾಕಿದ. ಗಂಡನಿಗೆ ಬುತ್ತಿ ಒಯ್ದಿದ್ದ ಇವಳೊಬ್ಬಳೇ ಅದನ್ನು ಕಂಡವಳು. ಅಂದು ಹತ್ತನೇ ತಾರೀಖು, ಬೆಳಿಗ್ಗೆ ಹನ್ನೊಂದು ಗಂಟೆಗೆ ಧಾರವಾಡದ ಕೋರ್ಟಿನಲ್ಲಿ ಅವಳ ಸಾಕ್ಷಿ.

"ಇವತ್ತೊಂದ ದಿನ ಬದುಕಿಸ್ರಿ ಅಣ್ಣಾ. ಜಡ್ಜನ ಮುಂದ ಹೇಳೂಮಟ ಸಾಕು. ಆಮ್ಯಾಲ ಏನರ ಆಗ್ಲಿ" ಎಂದಿದ್ದಳು.

"ಒಂದ ದಿನಾ ಏನ್ ಮಹಾ! ಬರ್ರಿ" ಎಂದಿದ್ದೆ. ಬಾಯಿಗೇನು, ಅಂದುಬಿಡುತ್ತದೆ!

ಆ ಡಬ್ಬಿಯಲ್ಲಿ ನೀವು ಕೂತಿಲ್ಲ ಬಿಡಿ. ಉಸಿರೆಳೆದರೆ ಹೊಗೆ. ಕಣ್ಣು ಬಿಟ್ಟರೆ ಕಲ್ಲಿದ್ದಲ ಪುಡಿ. ಕಾಲಡಿ ಕೋಳಿ, ತಲೆಯ ಮೇಲೆ ಯಾರದೋ ಗಂಟು. ಎದುರಿಗಿದ್ದ ಮುದುಕಿಯೊಬ್ಬಳು ಬುತ್ತಿ ಬಿಚ್ಚಿ ಎಲ್ಲರಿಗೂ ರೊಟ್ಟಿ ಹರಿದು ಕೊಟ್ಟಳು. ಅದರ ಮೇಲೂ ಮಸಿ!

"ತಿನ್ನ ಯವ್ವಾ, ರೈಲಿನ ಚಟ್ನಿಪುಡಿ ಅದು!"

ಇಮಾಮಬಿ ನಕ್ಕಳು. ಅವಳು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಳ್ನಾವರದಲ್ಲಿ ಇಳಿದಾಗ ನಮ್ಮೆಲ್ಲರದೂ ಒಂದೇ ಬಣ್ಣ. ಜೀಪಿನ ಮೂವರು ಎಲ್ಲೂ ಕಾಣಲಿಲ್ಲ. ಅದೇ ನನಗೆ ಸರಿಬರಲಿಲ್ಲ.

ಧಾರವಾಡದ ಗಾಡಿ ಹೊರಟ ಮೇಲೆ ಒಬ್ಬ ಬಂದು ಇಮಾಮಬಿಯ ಮುಂದೆ ನಿಂತ.

"ಸಲಾಂ ಭಾಬಿ. ನಾ ಹುಸೇನಸಾಬ. ಮುಂಡಗೋಡದಾಗ ಕಾಸಿಂ ಜೋಡಿ ಗ್ಯಾರೇಜಿನ್ಯಾಗ ಇದ್ದೆ."

ಗಂಡನ ಹೆಸರು ಕೇಳಿದ್ದೇ ತಡ, ಅವಳ ಕಣ್ಣು ತುಂಬಿತು.

"ಎಲ್ಲಿಂದ ಬಂದ್ರಿ?" ನಾನು ಕೇಳಿದೆ.

"ದಾಂಡೇಲಿಯಿಂದ್ರೀ, ನಿಮ್ಮ ಗಾಡ್ಯಾಗ. ಕುಂಡ್ರಾಕ ಜಾಗಾ ಎಲ್ಲೈತ್ರಿ? ಬಾಗಿಲದಾಗ ನಿಂತ ಬಂದೆ." ಅವಳತ್ತ ತಿರುಗಿದ. "ಭಾಬಿ, ನನ್ನ ಹೆಂಡತಿ ಆ ಬಾಗಿಲ ಕಡೆ ಕುಂತಾಳ. ನಿಮ್ಮನ್ನ ನೋಡ್ಬೇಕಂತ. ಬರ್ರಿ."

ಇಮಾಮಬಿ ಎದ್ದಳು.

ನಾನು ಅವನ ಅಂಗಿ ನೋಡಿದೆ. ಬಿಳಿ ಅಂಗಿ... ಬಾಗಿಲಲ್ಲಿ ನಿಂತು ಬಂದವನ ಕಾಲರಿಗೆ, ಕಿವಿಯ ಸಂದಿಗೆ ಒಂದು ಚುಕ್ಕೆ ಮಸಿಯಿಲ್ಲ! ಇವನು ರೈಲಿನಲ್ಲಿ ಬಂದವನಲ್ಲ. ಬೆನ್ನಟ್ಟಿದ ಮೂವರಲ್ಲೂ ಇವನಿರಲಿಲ್ಲ; ಹಾಗಾದರೆ ಜೀಪಿನ ಡ್ರೈವರ್!

"ಕುಂಡ್ರಿ ಇಮಾಮಬಿ!"

ಅವನ ಮಣಿಕಟ್ಟು ಹಿಡಿದೆ. ಅಂಗಿಯ ತೋಳಿನಿಂದ ಚಾಕು ಹೊರಬಂತು. ನನ್ನ ಪಕ್ಕೆ ಸೀಳಿತು. ಅವನ ಕೈಯನ್ನು ಸೀಟಿನ ಅಂಚಿಗೆ ಬಡಿದೆ. ಬೆರಳು ಲಟಕ್ಕೆಂದವು!

"ಇನ್ನ ಎಷ್ಟ ಮಂದಿ ಅದೀರಲೇ?"

"ಮೂರ ಮಂದಿ... ಧಾರವಾಡ ಸ್ಟೇಷನ್ನದಾಗ ನಿಂತಿರ್ತಾರ..."

ಅವನದೇ ಬಿಳಿ ಅಂಗಿ ಬಿಚ್ಚಿ ಅವನನ್ನು ಸೀಟಿಗೆ ಬಿಗಿದೆ.

ಸಿಗ್ನಲ್ ಸಿಗದೆ ಗಾಡಿ ಧಾರವಾಡದ ಹೊರಗೆ ನಿಂತಿತು. ದಿನವೂ ನಿಲ್ಲುತ್ತದೆ. ಎಲ್ಲರೂ ಬೈಯುತ್ತಾರೆ. ಅಂದು ನಾನೊಬ್ಬ ಕೈಮುಗಿದೆ. ಇಬ್ಬರೂ ಹಳಿಗೆ ಧುಮುಕಿ ಹೊಲಗಳ ನಡುವೆ ಓಡಿದೆವು.

ಐದು ನಿಮಿಷ ಮೊದಲೇ ಕೋರ್ಟು ಮುಟ್ಟಿದೆವು. ನನ್ನ ಅಂಗಿಯೆಲ್ಲ ರಕ್ತ. ಅವಳ ಬುರ್ಖಾ ಪೂರ್ತಿ ಮಣ್ಣು.

ಗುಮಾಸ್ತ ತಲೆ ಎತ್ತಲಿಲ್ಲ. "ಮುದಕಪ್ಪನ ವಕೀಲರಿಗೆ ಜ್ವರ ಬಂದಾವಂತ. ಇಪ್ಪತ್ತೇಳಕ್ಕ ಬರ್ರಿ."

ಹದಿನೇಳು ದಿನ!

ಇಮಾಮಬಿ ಅಲ್ಲೇ ಕುಸಿದಳು. "ಒಂದ ದಿನಕ್ಕ ಆಗೂವಷ್ಟ ಧೈರ್ಯಾ ತಂದಿದ್ದೆ ಅಣ್ಣಾ..."

ಯಾರ ಮೇಲೆ ಕೈ ಮಾಡಲಿ? "ಏಳ್ರಿ. ಇಲ್ಲೇ ಯಾರರ ಮನ್ಯಾಗ ಇರೂಣು."

"ಅತ್ತಿ ಹಾಸಿಗಿ ಹಿಡದಾಳ. ದಾಂಡೇಲಿಗೆ ಹೋಗಾಕ ಬೇಕು."

ಸಂಜೆಯ ಗಾಡಿ ಹತ್ತಿದೆವು. ಅವಳನ್ನು ಕಿಟಕಿಗೆ ಕೂರಿಸಿದೆ. ಎದುರಿಗೆ ಕುಳಿತು ಒಬ್ಬೊಬ್ಬರ ಕಾಲರ್ ನೋಡತೊಡಗಿದೆ.

ಗಾಡಿ ಇನ್ನೂ ಹೊರಟಿರಲಿಲ್ಲ. ಎಲ್ಲರ ಅಂಗಿಯೂ ಬೆಳ್ಳಗೇ ಇತ್ತು!