ಬಿಸಿಲಲ್ಲೂ ಕಾಣುವ ಲ್ಯಾಪ್‌ಟಾಪ್

"ಅಯ್ಯೋ ಮೇಡಂ, ಎಲ್ಲಿಗೆ ಎತ್ಕೊಂಡು ಹೊರಟ್ರಿ?"

ಅಂಗಡಿಯವರು ಕೌಂಟರ್ ಬಿಟ್ಟು ಓಡಿಬಂದರು. ಅಮ್ಮ ಆಗಲೇ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲು ದಾಟಿ ಫುಟ್‌ಪಾತಿನಲ್ಲಿ ನಿಂತಿದ್ದಳು.

"ಬಿಸಿಲಿಗೆ," ಎಂದಳು ಅಮ್ಮ.

"ಬಿಸಿಲಿಗೆ ಹಾಕೋಕೆ ಇದೇನು ಒಗೆದ ಬಟ್ಟೆನಾ?"

"ನಾವು ಇದನ್ನ ನೋಡೋದೇ ಬಿಸಿಲಲ್ಲಿ ಸಾರ್. ರೇಸ್ ಟ್ರ್ಯಾಕಲ್ಲಿ. ಅಲ್ಲಿ ನೆರಳು ಅಂದ್ರೆ ನಮ್ ನೆರಳೇ."

ಅಂಗಡಿಯವರಿಗೆ ನಂಬಿಕೆ ಬರಲಿಲ್ಲ. ಚಾರ್ಜರಿನ ವೈರನ್ನು ಕರುವಿನ ಹಗ್ಗದಂತೆ ಹಿಡಿದುಕೊಂಡು ಅಮ್ಮನ ಹಿಂದೆಯೇ ನಿಂತರು.

ಇಣುಕಿ ಮಾತ್ರ ಲ್ಯಾಪ್‌ಟಾಪ್ ನೋಡುತ್ತಿರಲಿಲ್ಲ. ಅವಳು ಅಕ್ಕನನ್ನೇ ನೋಡುತ್ತಿದ್ದಳು.

ಎಲ್ಲದರೊಳಗೂ ಮೂಗು ತೂರಿಸಿ ಇಣುಕುತ್ತಾಳೆಂದು ಅವಳಿಗೆ ಮನೆಯಲ್ಲಿ ಆ ಹೆಸರು. ಡಬ್ಬಿ ಕಂಡರೆ ಮುಚ್ಚಳ ತೆಗೆಯಬೇಕು. ಇಬ್ಬರು ಪಿಸುಗುಟ್ಟಿದರೆ ನಡುವೆ ನಿಲ್ಲಬೇಕು. ಇವತ್ತಂತೂ ಬೆಳಗಿನಿಂದಲೇ ಅವಳ ತಲೆಯೊಳಗೆ ಹುಳ ಬಿಟ್ಟಂತಾಗಿತ್ತು. ಅಕ್ಕ ಏನನ್ನೋ ಮುಚ್ಚಿಡುತ್ತಿದ್ದಾಳೆ.

"ಸ್ಕ್ರೀನ್ ಚೆನ್ನಾಗಿ ಕಾಣತ್ತೆ," ಎಂದಳು ಅಮ್ಮ. "ಏನಂತೀಯ?"

"ತುಂಬಾ ಭಾರ ಅಮ್ಮ," ಎಂದಳು ಅಕ್ಕ.

ಭಾರವಂತೆ! ಕೈಗೆ ಎರಡೆರಡು ಟೈರ್ ನೇತುಹಾಕಿಕೊಂಡು ಓಡುವವಳಿಗೆ ಲ್ಯಾಪ್‌ಟಾಪ್ ಭಾರವಂತೆ!

ಎರಡನೆಯದನ್ನು ತಂದರು. ಅದೂ ಬಿಸಿಲಲ್ಲಿ ಚೆನ್ನಾಗಿಯೇ ಕಂಡಿತು. "ಕೀಬೋರ್ಡ್ ಸರಿ ಇಲ್ಲ," ಎಂದಳು ಅಕ್ಕ. ಹದಿನೈದು ವರ್ಷದ ಅಕ್ಕ ಮೊಸರಿನಲ್ಲಿ ಕಲ್ಲು ಹುಡುಕುವವಳಲ್ಲ. ಹಸಿವಾದರೆ ನಿನ್ನೆಯ ಬ್ರೆಡ್ಡನ್ನೂ ಹಾಗೇ ತಿನ್ನುತ್ತಾಳೆ.

"ಅದೋ, ಅದು ಚೆನ್ನಾಗಿದೆ," ಎಂದು ಅಕ್ಕ ಮೂಲೆಯಲ್ಲಿದ್ದ ನೇರಳೆ ಬಣ್ಣದ ಲ್ಯಾಪ್‌ಟಾಪ್ ತೋರಿಸಿದಳು. ಅದನ್ನು ಹೊರಗೆ ತಂದರೆ ಅದರಲ್ಲಿ ಕಂಡದ್ದು ಅಮ್ಮನ ಮುಖ, ಅಂಗಡಿಯವರ ಮೀಸೆ, ಹಿಂದೆ ಹೋಗುತ್ತಿದ್ದ ಒಂದು ಬಸ್ಸು.

"ಇದು ಕನ್ನಡಿ," ಎಂದಳು ಇಣುಕಿ. "ತಲೆ ಬಾಚ್ಕೋಬಹುದು ಅಷ್ಟೆ."

"ನೀನು ಸುಮ್ನಿರೇ!" ಅಕ್ಕ ಸಿಡುಕಿದಳು.

ಇಣುಕಿಯ ಅನುಮಾನ ಇನ್ನೊಂದು ಮೆಟ್ಟಿಲು ಹತ್ತಿತು.

ಅಕ್ಕ ರೇಸಿನಲ್ಲಿ ಗೋ-ಕಾರ್ಟ್ ಓಡಿಸುತ್ತಾಳೆ. ಗೋ-ಕಾರ್ಟ್ ಎಂದರೆ ಬಾಗಿಲು, ಚಾವಣಿ ಏನೂ ಇಲ್ಲದ ಪುಟ್ಟ ರೇಸ್ ಬಂಡಿ. ಕೂತವರ ಕಾಲು ಕೂಡ ಹೊರಗಿನವರಿಗೆ ಕಾಣುತ್ತದೆ. ಅದರ ಎಂಜಿನ್ ನೋಡಿಕೊಳ್ಳುವವಳು ಅಮ್ಮ. ಅವಳು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಬೇರೆ ಹುಡುಗರ ಎಂಜಿನ್ನುಗಳೂ ಅವಳ ಕೈಗೇ ಬರುತ್ತವೆ.

ಬಂಡಿಯ ಮೇಲೆ ಒಂದು ಪುಟ್ಟ ಕ್ಯಾಮೆರಾ ಇದೆ. ಅದು ವಿಡಿಯೋ ಹಿಡಿಯುತ್ತದೆ, ಜೊತೆಗೆ ಎಲ್ಲೆಲ್ಲಿ ಎಷ್ಟು ವೇಗವಿತ್ತು ಎಂಬುದನ್ನೂ ಬರೆದಿಡುತ್ತದೆ. ಲ್ಯಾಪ್‌ಟಾಪಿಗೆ ಹಾಕಿದರೆ ಆ ವೇಗ ಬೆಟ್ಟ ಕಣಿವೆಗಳಂತೆ ಏರಿಳಿಯುವ ಗೆರೆಯಾಗಿ ಕಾಣುತ್ತದೆ. ಮನೆಯ ಹಳೆಯ ಲ್ಯಾಪ್‌ಟಾಪ್ ಗೆರೆ ತೋರಿಸಿದರೆ ವಿಡಿಯೋ ತೋರಿಸುತ್ತಿರಲಿಲ್ಲ. ವಿಡಿಯೋ ಹಾಕಿದರೆ ಎರಡು ಹೆಜ್ಜೆಗೊಮ್ಮೆ ಮುಗ್ಗರಿಸಿ ನಿಲ್ಲುತ್ತಿತ್ತು.

ಎರಡು ತಿಂಗಳ ಹಿಂದೆ ನಾಲ್ಕನೇ ತಿರುವಿನಲ್ಲಿ ಅಕ್ಕನ ಬಂಡಿ ಅಂಚಿನಲ್ಲಿ ಪೇರಿಸಿಟ್ಟ ಟೈರ್ ಗೋಡೆಗೆ ಹೊಡೆದು ಮಗುಚಿತ್ತು. ಕೈಯ ಪಟ್ಟಿ ಬಿಚ್ಚಿದ ದಿನ ಅಕ್ಕ, "ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ," ಎಂದಿದ್ದಳು. ಮತ್ತೆ ಓಡಿಸತೊಡಗಿದಳು. ಆಮೇಲಿನಿಂದ ನಾಲ್ಕನೇ ತಿರುವು ಬಂದಾಗಲೆಲ್ಲ ವೇಗದ ಗೆರೆ ದೊಪ್ಪನೆ ಕೆಳಗೆ ಬೀಳುತ್ತಿತ್ತು.

"ಆಕ್ಸಿಲರೇಟರಿಂದ ಕಾಲು ಎತ್ತುತ್ತೀಯೇನೇ?" ಎಂದು ಅಮ್ಮ ಕೇಳಿದ್ದಳು.

"ಇಲ್ಲಮ್ಮ. ಎಂಜಿನ್ನೇ ಕೆಮ್ಮತ್ತೆ."

ಅಮ್ಮ ಇಣುಕಿಯ ಕಡೆ ತಿರುಗಿದ್ದಳು. ನಾಲ್ಕನೇ ತಿರುವಿನ ಬೇಲಿಯ ಹತ್ತಿರ ನಿಂತು ನೋಡುವುದು ಇಣುಕಿಯ ಕೆಲಸ. "ನೀನು ನೋಡಿದ್ಯಾ?"

"ನೋಡಿದೆ. ಕಾಲು ಎತ್ತಲಿಲ್ಲ," ಎಂದಿದ್ದಳು ಇಣುಕಿ.

ಅಂದಿನಿಂದ ಅಮ್ಮ ಕಾರ್ಬೊರೇಟರನ್ನು ಮೂರು ಸಲ ಬಿಚ್ಚಿ, ತೊಳೆದು, ಜೋಡಿಸಿದ್ದಳು. ಎಂಜಿನ್ನಿಗೆ ಪೆಟ್ರೋಲ್ ಕುಡಿಸುವ ಭಾಗ ಅದು. ಗೆರೆ ಮಾತ್ರ ಬೀಳುತ್ತಲೇ ಇತ್ತು. ನಿನ್ನೆ ಊಟದ ಹೊತ್ತಿನಲ್ಲಿ ಅಮ್ಮ ತಟ್ಟೆ ನೋಡುತ್ತ ಹೇಳಿದಳು: "ನನ್ ಕೈಯೇ ಕೆಟ್ಟಿರಬೇಕು. ಹೊಸ ಲ್ಯಾಪ್‌ಟಾಪಲ್ಲೂ ತಪ್ಪು ಸಿಗ್ಲಿಲ್ಲ ಅಂದ್ರೆ ರೇಸ್ ಎಂಜಿನ್ ಮುಟ್ಟೋದನ್ನೇ ಬಿಟ್ಬಿಡ್ತೀನಿ. ಮಕ್ಕಳು ಕೂರೋ ಬಂಡಿ ಅದು."

ಅಕ್ಕ ಆಗ ಒಂದು ಮಾತೂ ಆಡಲಿಲ್ಲ. ಅದು ಇಣುಕಿಯ ಮೊದಲ ಅನುಮಾನ.

ಎರಡನೆಯದು ಇವತ್ತು ಬೆಳಿಗ್ಗೆ ಹುಟ್ಟಿತು. ಕ್ಯಾಮೆರಾದ ಕಾರ್ಡ್ ಯಾವಾಗಲೂ ಹೆಲ್ಮೆಟ್ ಚೀಲದಲ್ಲಿರುತ್ತದೆ. ಇವತ್ತು ಅದು ಅಕ್ಕನ ರೇಸ್ ಶೂ ಒಳಗೆ, ಕಾಲುಚೀಲದ ಉಂಡೆಯಲ್ಲಿ ಸಿಕ್ಕಿತ್ತು. ಇಣುಕಿ ಯಾರಿಗೂ ಹೇಳದೆ ಅದನ್ನು ಜೇಬಿಗೆ ಸೇರಿಸಿದ್ದಳು.

"ಸರಿ, ಒಳಗೆ ನಡೀರಿ," ಎಂದಳು ಅಮ್ಮ. "ವಿಡಿಯೋನೂ ಗೆರೇನೂ ಒಟ್ಟಿಗೆ ಓಡತ್ತಾ ನೋಡೋಣ. ಪ್ರೋಗ್ರಾಂ ಈ ಪೆನ್‌ಡ್ರೈವಲ್ಲಿದೆ. ಕಾರ್ಡ್ ಕೊಡೇ."

ಅಕ್ಕ ಚೀಲ ತಡಕಿದಳು. ಹೆಲ್ಮೆಟ್ ಚೀಲ, ಹೊರಜೇಬು, ಒಳಜೇಬು. ಇಲ್ಲದಿರುವುದು ಗೊತ್ತಿದ್ದೂ ಹುಡುಕುವವರು ಹೀಗೆಯೇ ಬಹಳ ಹೊತ್ತು ಹುಡುಕುತ್ತಾರೆ.

"ಮನೇಲೇ ಬಿಟ್ಟು ಬಂದೆ ಅನ್ಸತ್ತೆ. ಇನ್ನೊಂದು ದಿನ ಬರೋಣ ಬಿಡಮ್ಮ."

"ಇಲ್ಲಿದೆ," ಎಂದು ಇಣುಕಿ ಅಂಗೈ ಚಾಚಿದಳು. ಉಗುರಿನಷ್ಟು ಕಾರ್ಡ್ ಅದರ ಮೇಲಿತ್ತು.

ಅಕ್ಕನ ಮುಖ ಬಿಳಿಚಿತು. ಬಲಗಾಲನ್ನು ಎಡಗಾಲಿನ ಹಿಂದಕ್ಕೆ ಎಳೆದುಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಎಂದುಕೊಂಡಳು ಇಣುಕಿ. ಆದರೆ ಇವಳೇಕೆ ಕಾಲು ಮುಚ್ಚಿಡುತ್ತಾಳೆ?

ಅಂಗಡಿಯವರು ಮೊದಲನೆಯ, ಆ ಭಾರದ ಲ್ಯಾಪ್‌ಟಾಪಿಗೇ ಪ್ರೋಗ್ರಾಂ ಹಾಕಿಕೊಟ್ಟರು. ಅಮ್ಮ ಅವರೊಡನೆ ಕೌಂಟರಿನ ಆ ತುದಿಗೆ ಹೋದಳು.

"ಬ್ಯಾಟರಿ ಎಷ್ಟು ಗಂಟೆ ಬರತ್ತೆ?"

"ಎಂಟು ಗಂಟೆ ಮೇಡಂ."

"ಡಬ್ಬಿ ಮೇಲೆ ಬರ್ದಿರೋ ಎಂಟಾ, ನಿಜವಾದ ಎಂಟಾ?"

"ನಿಜವಾದ... ಆರು."

"ಹಾಗೆ ಹೇಳಿ. ವ್ಯಾನಲ್ಲಿ ಕುಲುಕಾಡಿದ್ರೆ ಒಳಗೇನೂ ಕಳಚ್ಕೊಳ್ಳಲ್ವಾ?"

ಇತ್ತ ಇಣುಕಿ ಕಾರ್ಡ್ ಹಾಕಿ ಒತ್ತಿದಳು. ಪರದೆಯ ಎಡಗಡೆ ಗೆರೆ, ಬಲಗಡೆ ವಿಡಿಯೋ. ಎರಡೂ ಮುಗ್ಗರಿಸದೆ ಜೊತೆಯಾಗಿ ಓಡಿದವು. ಸ್ಟೀರಿಂಗ್ ಕಂಡಿತು. ಅದರ ಕೆಳಗೆ ಅಕ್ಕನ ಬಲಗಾಲಿನ ಶೂ, ಕೆಂಪು ಲೇಸು ಕಂಡವು. ಒಂದನೇ ತಿರುವು, ಎರಡು, ಮೂರು. ಕೆಂಪು ಲೇಸು ಆಕ್ಸಿಲರೇಟರ್ ಮೇಲೆ ಬಿಗಿಯಾಗಿ ಕೂತಿತ್ತು.

ನಾಲ್ಕನೇ ತಿರುವು ಬಂತು. ಕೆಂಪು ಲೇಸು ಮೇಲೆದ್ದಿತು. ಗೆರೆ ಕೆಳಗೆ ಬಿತ್ತು.

ಇಣುಕಿ ಮುಂದಿನ ಸುತ್ತು ನೋಡಿದಳು. ಶೂ ಎದ್ದಿತು, ಗೆರೆ ಬಿತ್ತು. ಎಂಜಿನ್ ಕೆಮ್ಮಿರಲೇ ಇಲ್ಲ.

"ನೀನೇ!" ಎಂದಳು ಇಣುಕಿ.

"ಶ್!" ಅಕ್ಕ ಅವಳ ತೋಳು ಹಿಡಿದಳು. "ಅಮ್ಮಂಗೆ ಹೇಳ್ಬೇಡ. ಪ್ಲೀಸ್ ಕಣೇ."

"ಅಮ್ಮ ಮೂರು ಸಲ ಕಾರ್ಬೊರೇಟರ್ ಬಿಚ್ಚಿದಾಳೆ."

"ಗೊತ್ತು."

"ತನ್ ಕೈಯೇ ಕೆಟ್ಟಿದೆ ಅಂದ್ಕೊಂಡಿದಾಳೆ!"

"ಗೊತ್ತು ಅಂದ್ನಲ್ಲ." ಅಕ್ಕನ ದನಿ ಸಣ್ಣದಾಯಿತು. "ಒತ್ತಬೇಕು ಅಂತಾನೇ ಹೋಗ್ತೀನಿ. ಆ ಟೈರ್ ಗೋಡೆ ಕಾಣ್ಸತ್ತೆ. ಅಷ್ಟರಲ್ಲಿ ಕಾಲು ತಾನಾಗೇ ಎದ್ದುಬಿಡತ್ತೆ. ಕಾಲು ನನ್ ಮಾತು ಕೇಳ್ತಿಲ್ಲ ಕಣೇ."

ಸುಳ್ಳುಬುರುಕಿ ಎಂಬ ಮಾತು ಇಣುಕಿಯ ನಾಲಿಗೆಯ ತುದಿಗೆ ಬಂದಿತ್ತು. ಇನ್ನೊಂದು ಸುತ್ತು ತೋರಿಸಿ, ಆಮೇಲೆ ಅಮ್ಮನನ್ನು ಕೂಗೋಣವೆಂದು ಅವಳು ಮತ್ತೆ ಒತ್ತಿದಳು.

ಆಗ ಕಂಡಿತು. ನಾಲ್ಕನೇ ತಿರುವಿನಲ್ಲಿ, ಟೈರ್ ಗೋಡೆಯ ಹಿಂದೆ, ತಂತಿ ಬೇಲಿಯಾಚೆ ಒಂದು ಹಳದಿ ಟೋಪಿ.

ಇಣುಕಿ ವಿಡಿಯೋ ನಿಲ್ಲಿಸಿದಳು. ಪರದೆ ಬಹಳ ಚೆನ್ನಾಗಿತ್ತು. ಕಾಳಿನಷ್ಟು ಚಿಕ್ಕದೂ ಚೊಕ್ಕವಾಗಿ ಕಾಣುತ್ತಿತ್ತು. ಹಳದಿ ಟೋಪಿಯ ಕೆಳಗೆ ಮುಖವಿರಲಿಲ್ಲ. ಅಲ್ಲಿ ಎರಡು ಕೈಗಳಿದ್ದವು. ಮುಖದ ಮೇಲೆ ಬಿಗಿಯಾಗಿ ಒತ್ತಿಕೊಂಡಿದ್ದ ಕೈಗಳು.

ಮುಂದಿನ ಸುತ್ತು. ಕೆಂಪು ಲೇಸು ಎದ್ದಿತು. ಬೇಲಿಯಾಚೆ ಎರಡು ಕೈಗಳೂ ಎದ್ದವು.

"ಅದು ನೀನಾ?" ಅಕ್ಕ ಬಗ್ಗಿ ನೋಡಿದಳು.

ಇಣುಕಿ ತಲೆ ಮುಟ್ಟಿಕೊಂಡಳು. ಹಳದಿ ಟೋಪಿ ಈಗಲೂ ಅವಳ ತಲೆಯ ಮೇಲೆಯೇ ಇತ್ತು.

"ಮತ್ತೆ ಅಮ್ಮಂಗೆ, ನೋಡಿದೆ, ಕಾಲು ಎತ್ತಲಿಲ್ಲ ಅಂದ್ಯಲ್ಲೇ?"

"ಅಂದೆ."

"ನೋಡೇ ಇಲ್ವಲ್ಲ ನೀನು!"

ಇಣುಕಿಗೆ ಕಿವಿ ಬಿಸಿಯಾಯಿತು. ಕೈ ಮುಖದ ಮೇಲೆ ಹೋಗುತ್ತಿದ್ದದ್ದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಗೊತ್ತಿಲ್ಲದವಳ ಹಾಗೆ ಇದ್ದಳು. ಅಮ್ಮ ಮೂರು ಸಲ ಬಿಚ್ಚಿದ್ದು ಅಕ್ಕನ ಮಾತು ನಂಬಿ ಮಾತ್ರ ಅಲ್ಲ.

"ಏನು, ಒಟ್ಟಿಗೆ ಓಡತ್ತಾ?" ಅಮ್ಮ ಈಚೆ ಬಂದಳು. "ತಪ್ಪು ಸಿಕ್ತಾ?"

ಇಣುಕಿ ಪಕ್ಕಕ್ಕೆ ಸರಿದು ಅಕ್ಕನಿಗೆ ಜಾಗ ಬಿಟ್ಟಳು.

ಅಕ್ಕ ಬೆರಳಿನಿಂದ ವಿಡಿಯೋವನ್ನು ಹಿಂದಕ್ಕೆ ಎಳೆದಳು. "ಇಲ್ಲಿ ನೋಡಮ್ಮ. ನನ್ ಕಾಲು ನೋಡು."

ಅಮ್ಮ ನೋಡಿದಳು.

"ಬೇಲಿ ಹತ್ರನೂ ನೋಡಮ್ಮ," ಎಂದಳು ಇಣುಕಿ. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಅಮ್ಮ ಇನ್ನೂ ಎರಡು ಸುತ್ತು ನೋಡಿದಳು. ಆಮೇಲೆ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಎಷ್ಟು ತೊಳೆದರೂ ಉಗುರಿನ ಸಂದಿಯ ಎಣ್ಣೆಗಪ್ಪು ಹೋಗುತ್ತಿರಲಿಲ್ಲ.

"ಪಾಪ, ಆ ಕಾರ್ಬೊರೇಟರ್," ಎಂದಳು ಕೊನೆಗೆ. "ಮೂರು ಸಲ ಹೊಟ್ಟೆ ಬಗೆದಿದೀನಿ. ಕ್ಷಮೆನಾದ್ರೂ ಕೇಳ್ಬೇಕು ಅದರ ಹತ್ರ."

ಅಕ್ಕನಿಗೆ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡಳು.

"ಬೈಯಲ್ವಾ?" ಎಂದಳು ಇಣುಕಿ.

"ಮನೆಗೆ ಹೋದ್ಮೇಲೆ," ಎಂದಳು ಅಮ್ಮ. ಬೈಯುವವರ ದನಿ ಅದಾಗಿರಲಿಲ್ಲ. "ಸಾರ್, ಇದನ್ನೇ ಕೊಡಿ. ಭಾರ ಆದ್ರೂ ಪರ್ವಾಗಿಲ್ಲ."

"ಇನ್ನೊಂದ್ಸಲ ಬಿಸಿಲಿಗೆ ಹಾಕಲ್ವಾ ಮೇಡಂ?" ಎಂದು ಕೇಳಿದ ಅಂಗಡಿಯವರು ವೈರನ್ನು ಆಗ ಕೈಬಿಟ್ಟರು.

ಭಾನುವಾರ ಪ್ರಾಕ್ಟೀಸಿಗೆ ಹೋದಾಗ ಅಮ್ಮ ಸ್ಪಾನರ್ ಪೆಟ್ಟಿಗೆಯನ್ನು ವ್ಯಾನಿನಿಂದ ಇಳಿಸಲಿಲ್ಲ. ಅಕ್ಕ ಹೆಲ್ಮೆಟ್ ಹಾಕಿಕೊಂಡು ಬಂಡಿಯಲ್ಲಿ ಕೂತಳು. ಇಣುಕಿ ಎಂದಿನಂತೆ ನಾಲ್ಕನೇ ತಿರುವಿನ ಕಡೆ ಹೊರಟಳು.

"ತಡಿ, ನಾನೂ ಬರ್ತೀನಿ," ಎಂದಳು ಅಮ್ಮ.

ಇಣುಕಿ ತಿರುಗಿ ನೋಡಿದಳು. ಅಕ್ಕನ ಬಂಡಿ ಮಗುಚಿದ ಮೇಲೆ ಅಮ್ಮ ಒಂದು ದಿನವೂ ಅಲ್ಲಿಗೆ ಬಂದಿರಲಿಲ್ಲ. ಪ್ರತಿ ವಾರವೂ ಅವಳಿಗೆ ಈ ತುದಿಯಲ್ಲಿಯೇ ಕೆಲಸವಿರುತ್ತಿತ್ತು. ಸ್ಟಾಪ್‌ವಾಚ್ ಹಿಡಿಯಬೇಕು, ಟೈರ್ ನೋಡಬೇಕು, ಪೆಟ್ರೋಲ್ ಅಳೆಯಬೇಕು. ನಾಲ್ಕನೇ ತಿರುವಿಗೆ ಇಣುಕಿಯೇ ಹೋಗಬೇಕು.

ಇಬ್ಬರೂ ಬೇಲಿಯ ಹತ್ತಿರ ನಿಂತರು. ಬಿಸಿಲು ಚುರುಚುರು ಎನ್ನುತ್ತಿತ್ತು. ಎಂಜಿನ್ನಿನ ಸದ್ದು ದೂರದಿಂದ ಹತ್ತಿರವಾಯಿತು. ಒಂದು, ಎರಡು, ಮೂರು. ಇಣುಕಿಯ ಕೈಗಳು ತಾವೇ ಏಳಲು ನೋಡಿದವು. ಅವಳು ಬೇಲಿಯ ತಂತಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

ಕೆಂಪು ಲೇಸು ಬಂತು, ಟೈರ್ ಗೋಡೆಯ ಪಕ್ಕದಲ್ಲೇ ತಿರುಗಿತು, ಹೋಯಿತು.

ಇಣುಕಿ ಉಸಿರು ಬಿಟ್ಟು ಪಕ್ಕಕ್ಕೆ ನೋಡಿದಳು. ಅಮ್ಮ ನೆಟ್ಟಗೆ ನಿಂತಿದ್ದಳು. ಅವಳ ಕಣ್ಣುಗಳು ಬಿಗಿಯಾಗಿ ಮುಚ್ಚಿದ್ದವು.

ಇಣುಕಿ ತಂತಿಯಿಂದ ಒಂದು ಕೈ ಬಿಡಿಸಿ ಅಮ್ಮನ ಬೆರಳುಗಳನ್ನು ಹಿಡಿದಳು.

"ಅಮ್ಮಾ, ದಾಟಿದ್ಲು," ಎಂದಳು ಮೆಲ್ಲಗೆ.

"ಕಾಲು ಎತ್ತಿದ್ಲಾ?" ಅಮ್ಮ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

"ಎತ್ತಿದ್ಲು," ಎಂದಳು ಇಣುಕಿ. "ಸ್ವಲ್ಪವೇ. ನಾನು ನೋಡಿದೆ."