ಮೂವತ್ತೊಂಬತ್ತನೆಯ ಬೇಕರಿ

“ಕೈ ಮೇಲೆತ್ತು! ಇನ್ನೊಂದು ಹೆಜ್ಜೆ ಇಟ್ಟರೆ ಕುತ್ತಿಗೆ ಕುಯ್ದುಬಿಡ್ತೀನಿ!”

“ಕುಯ್ಯಮ್ಮಾ, ಕುಯ್ಯಿ! ಬ್ರೆಡ್ ಕೊಯ್ಯೋ ಚಾಕು ಅದು, ಗರಗಸ ಇದ್ದ ಹಾಗಿದೆ. ನಿಧಾನವಾಗಿ ಕುಯ್ಯಿ, ನನಗೇನೂ ಅವಸರ ಇಲ್ಲ!”

“ಬಾಯಿ ಮುಚ್ಚು! ಯಾರು ಕಳಿಸಿದ್ದು ನಿನ್ನ?”

“ಯಾರೂ ಕಳಿಸಿಲ್ಲ. ಬನ್ ತಿನ್ನೋಕೆ ಬಂದೆ.”

“ತಿನ್ನೋಕೆ ಬಂದೋನು ಬನ್ನನ್ನ ತಲೆಕೆಳಗು ಮಾಡಿ ನೋಡಲ್ಲ!”

ಸಿಕ್ಕಿಬಿದ್ದೆ...

ಚಾಕುವಿನ ಹಲ್ಲುಗಳು ನನ್ನ ಗಂಟಲ ಮೇಲೆ ಕೂತಿದ್ದವು. ಬೆನ್ನ ಹಿಂದೆ ಕಾದ ಓವನ್. ಎದುರಿಗೆ ಮೂವತ್ತರ ಆಚೀಚೆಯ ಹೆಂಗಸು. ತುಂಡಾಗಿ ಕತ್ತರಿಸಿದ ಕೂದಲು, ಮೊಣಕೈ ತನಕ ಹಿಟ್ಟು. ಅವಳ ಕೈ ಸ್ವಲ್ಪವೂ ನಡುಗುತ್ತಿರಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ಅಂಗಡಿಯ ಒಡತಿ ಅಜ್ಜಿ ಬಾಗಿಲಲ್ಲಿ ತಲೆ ಹಾಕಿದಳು.

“ಆ ಕಡೆ ನಿಲ್ಲಿಸಿ ಕುಯ್ಯೇ. ಹಿಟ್ಟಿನ ಮೇಲೆ ರಕ್ತ ಬಿದ್ದರೆ ಇವತ್ತಿನ ವ್ಯಾಪಾರ ಹಾಳು.”

ಕಾಣೆಯಾದವರನ್ನು ಹುಡುಕುವುದು ನನ್ನ ಕಸುಬು, ಸಾರ್. ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು. ಸಿಟ್ಟು ಬೇಗ ಬರುತ್ತದೆ. ಅದರಿಂದ ಎರಡು ನೌಕರಿ, ಒಂದು ಹಲ್ಲು ಹೋಗಿವೆ. ಆದರೆ ಹುಡುಕಲು ಹೊರಟರೆ ಬರಿಗೈಯಲ್ಲಿ ವಾಪಸು ಬಂದವನಲ್ಲ.

ಮೂರು ವಾರದ ಹಿಂದೆ ಒಬ್ಬರು ಯಜಮಾನರು ಕರೆಸಿದ್ದರು. ಊರಿನ ಹಳೆಯ ದೊಡ್ಡ ಬೇಕರಿ ಅವರದು. ಬಿಳಿ ಅಂಗಿ, ಮೆತ್ತಗಿನ ದನಿ.

“ಮಗಳು ಜಗಳ ಮಾಡಿಕೊಂಡು ಹೋದಳು, ತಮ್ಮಾ. ಅವಳ ತಾಯಿ ಹಾಸಿಗೆ ಹಿಡಿದಿದ್ದಾಳೆ. ಉಸಿರಿರೋದರೊಳಗೆ ಒಂದು ಸಲ ಮುಖ ನೋಡಬೇಕಂತೆ.”

“ಫೋಟೋ ಇದೆಯಾ?”

“ಫೋಟೋದಿಂದ ಪ್ರಯೋಜನ ಇಲ್ಲ. ಹೆಸರು ಬದಲಾಯಿಸಿರ್ತಾಳೆ, ವೇಷ ಬದಲಾಯಿಸಿರ್ತಾಳೆ. ಆದರೆ ಎಲ್ಲಿದ್ದರೂ ಹಿಟ್ಟು ಕಲಸ್ತಾ ಇರ್ತಾಳೆ. ಬೇರೆ ಕೆಲಸ ಅವಳಿಗೆ ಬರಲ್ಲ. ಬನ್ ಕಟ್ಟಿದ ಮೇಲೆ ಅಡಿಯಲ್ಲಿ ಎಡಗೈ ಹೆಬ್ಬೆರಳು ಒತ್ತೋದು ಅವಳ ಅಭ್ಯಾಸ. ಬೆಂದ ಮೇಲೂ ಆ ಗುಳಿ ಉಳಿಯುತ್ತೆ. ಹೊಸದಾಗಿ ತೆರೆದ ಹೋಟೆಲು, ಬೇಕರಿ ಒಂದನ್ನೂ ಬಿಡಬೇಡ. ಬನ್ ತಗೋ, ತಿರುಗಿಸಿ ನೋಡು.”

ತಿರುಗಿಸಿದೆ ಸಾರ್!

ಈ ಊರಿನಲ್ಲಿ ಎಷ್ಟು ಹೊಸ ಅಂಗಡಿ ತೆರೆಯುತ್ತವೆ ಎಂಬುದು ನಿಮಗೆ ಗೊತ್ತಿಲ್ಲ. ನಿನ್ನೆ ಚಪ್ಪಲಿ ಮಾರುತ್ತಿದ್ದ ಜಾಗದಲ್ಲಿ ಇವತ್ತು ಕೇಕು. ಒಂದು ಕಡೆ ಬನ್ನನ್ನು ಕಪ್ಪು ಕಲ್ಲಿನ ಮೇಲೆ ಇಟ್ಟು ಕೊಟ್ಟರು. ತಟ್ಟೆಗೆ ಬಡತನವಾ ಎಂದು ಕೇಳಿದ್ದಕ್ಕೆ ಮ್ಯಾನೇಜರು ಮುಖ ಊದಿಸಿಕೊಂಡ. ಇನ್ನೊಂದು ಕಡೆ ಸೂಪನ್ನು ಉಪ್ಪಿನಕಾಯಿ ಭರಣಿಯಂಥ ಬಾಟಲಿಯಲ್ಲಿ ತಂದಿಟ್ಟರು. ಮತ್ತೊಂದು ಕಡೆ ದೀಪವನ್ನೇ ಹಾಕಿರಲಿಲ್ಲ. ಬನ್ನಿನ ಅಡಿಯನ್ನು ಟಾರ್ಚ್ ಬಿಟ್ಟು ನೋಡಬೇಕಾಯಿತು. ಪಕ್ಕದ ಟೇಬಲ್ಲಿನ ಗಂಡ ಹೆಂಡತಿ ತಮ್ಮ ಬನ್ನುಗಳನ್ನೂ ಹೆದರಿ ತಿರುಗಿಸಿ ನೋಡಿದರು.

ಹತ್ತೊಂಬತ್ತು ದಿನ. ಮೂವತ್ತೆಂಟು ಅಂಗಡಿ. ಗುಳಿ ಇಲ್ಲ.

ಇದು ಮೂವತ್ತೊಂಬತ್ತನೆಯದು. ಮೂರು ಟೇಬಲ್ಲಿನ ಸಣ್ಣ ಬೇಕರಿ. ಮಧ್ಯಾಹ್ನ ಮೂರು ಗಂಟೆ, ಗಿರಾಕಿಗಳಿಲ್ಲದ ಹೊತ್ತು. ಬನ್ ತಿರುಗಿಸಿದೆ. ಅಡಿಯಲ್ಲಿ ಸಣ್ಣ ಗುಳಿ!

ಅಲ್ಲೇ ಕೂತು ಫೋನ್ ಮಾಡಿದೆ. “ಸಿಕ್ಕಿದಳು ಯಜಮಾನರೇ.” ವಿಳಾಸ ಹೇಳಿದೆ. ಅರ್ಧ ಗಂಟೆಯಲ್ಲಿ ಬರುತ್ತೇನೆ ಎಂದರು. ಒಮ್ಮೆ ಮುಖ ನೋಡಿ ಖಾತ್ರಿ ಮಾಡಿಕೊಳ್ಳೋಣ ಎಂದು ಓವನ್ ಕೋಣೆಯೊಳಗೆ ಕಾಲಿಟ್ಟೆ. ಆಗ ಬಂತು ಚಾಕು.

“ನಿಮ್ಮಪ್ಪ ಕಳಿಸಿದ್ದು, ಸಾಕಾ?” ಎಂದೆ. “ನಿಮ್ಮಮ್ಮ ಸಾಯ್ತಾ ಇದ್ದಾರಂತೆ. ಚಾಕು ಕೆಳಗಿಟ್ಟು ಹೊರಡು!”

ಅವಳು ನಕ್ಕಳು.

“ನಮ್ಮಮ್ಮ ಸತ್ತು ಹನ್ನೆರಡು ವರ್ಷ ಆಯ್ತು. ಅಪ್ಪ ಅನ್ನೋನನ್ನ ನಾನು ನೋಡೇ ಇಲ್ಲ. ಬಿಳಿ ಅಂಗಿಯ ಮನುಷ್ಯ ತಾನೇ? ಅವರು ನನ್ನ ಮಾವ, ಗಂಡನ ಅಪ್ಪ.”

“ಮಾವನಾ?”

“ಹೋದ ವರ್ಷ ಅವರ ಬೇಕರಿಗೆ ಬೆಂಕಿ ಬಿತ್ತಲ್ಲ, ಪೇಪರಿನಲ್ಲಿ ಓದಿಲ್ವಾ? ಓವನ್ ಕೋಣೆಯಲ್ಲಿ ಮೂರು ಜನ ಸತ್ತರು. ಇಬ್ಬರು ಕೆಲಸದವರು. ಮೂರನೆಯವರು ನನ್ನ ಗಂಡ.”

ಮಾತಿನ ನಡುವೆ ಒಂದು ಸಲವೂ ಉಸಿರು ತಪ್ಪಲಿಲ್ಲ. ಎಷ್ಟು ಸಲ ತನಗೆ ತಾನೇ ಹೇಳಿಕೊಂಡಿದ್ದಳೋ!

“ಕೆಲಸದವರು ನಡುವೆ ಎದ್ದು ಹೋಗಬಾರದು ಅಂತ ಮಾವ ಹೊರಗಿನಿಂದ ಬೀಗ ಹಾಕ್ತಿದ್ದರು. ಬೆಂಕಿ ಹತ್ತಿದಾಗ ಬಾಗಿಲ ಮುಂದೆ ನಿಂತಿದ್ದರು. ಬೀಗದ ಕೈ ಅವರ ಕೈಯಲ್ಲೇ ಇತ್ತು. ಬಾಗಿಲು ತೆಗೆದರೆ ಬೆಂಕಿ ಅಂಗಡಿಗೂ ಬರುತ್ತೆ ಅಂತ ತೆಗೀಲಿಲ್ಲ. ಕಣ್ಣಾರೆ ನೋಡಿದೋಳು ನಾನೊಬ್ಬಳೇ.”

“ಪೇಪರಿನಲ್ಲಿ ಬೇರೆ ಥರ ಇತ್ತು...”

“ಬಾಗಿಲು ತೆರೆದೇ ಇತ್ತು, ಸೊಸೆ ಓವನ್ ಆರಿಸದೆ ಹೋಗಿದ್ದಕ್ಕೆ ಹೀಗಾಯ್ತು ಅಂತ ಬರೆಸಿದರು. ನಾಳೆ ಕೋರ್ಟಿನಲ್ಲಿ ನನ್ನ ಸಾಕ್ಷಿ. ಅದಕ್ಕೇ ನೀನು ಇಲ್ಲಿಗೆ ಬಂದಿರೋದು.”

ಚಾಕು ಇಳಿಸಿ, ಬಲಗೈ ಬಿಚ್ಚಿ ತೋರಿಸಿದಳು. ಅಂಗೈಗೆ ಅಡ್ಡಲಾಗಿ, ಬೆರಳಿನ ದಪ್ಪಕ್ಕೆ, ನೆಟ್ಟಗೆ ಒಂದು ಸುಟ್ಟ ಗೆರೆ. ಕಾದ ಚಿಲಕವನ್ನು ಹಿಡಿದು ಎಳೆದ ಕೈ ಮಾತ್ರ ಹಾಗಾಗುತ್ತದೆ.

ಸುಳ್ಳು ಹೇಳುವವರನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ ಸಾರ್. ಈ ಸಲ ಸುಳ್ಳು ಕೇಳಿಸಿಕೊಂಡು ಕೆಲಸ ಒಪ್ಪಿಕೊಂಡಿದ್ದ ಕತ್ತೆ ನಾನೇ.

“ಅವರಿಗೆ ಆಗಲೇ ಹೇಳಿಬಿಟ್ಟೆ... ಅರ್ಧ ಗಂಟೆ ಇದೆ, ಓಡು!”

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದು.

ಅಜ್ಜಿ ಇಣುಕಿದಳು. “ಬಿಳಿ ಅಂಗಿ. ಜೊತೆಗೆ ಒಬ್ಬ ಗೂಳಿ.”

ಅರ್ಧ ಗಂಟೆಯಲ್ಲ, ಹತ್ತು ನಿಮಿಷವೂ ಆಗಿರಲಿಲ್ಲ! ಹತ್ತೊಂಬತ್ತು ದಿನವೂ ನನ್ನ ಹಿಂದೆಯೇ ಸುತ್ತಿದ್ದಾರೆ!

“ಹಿಂಬಾಗಿಲು?”

“ಇಲ್ಲ,” ಎಂದಳು ಅಜ್ಜಿ.

ಪಕ್ಕದಲ್ಲಿ, ಅಂಗಡಿಯ ಕಡೆ ಬಾಗಿಲಿದ್ದ ಹಿಟ್ಟಿನ ಮೂಟೆಗಳ ಕೋಣೆ. ಅವಳನ್ನು ಅಲ್ಲಿಗೆ ತಳ್ಳಿದೆ. ಹೋಗುವಾಗ ಪಿಸುಗುಟ್ಟಿದಳು, “ಓವನ್ನಿನಲ್ಲಿ ಟ್ರೇ ಇದೆ...”

“ನಿನ್ನ ಟ್ರೇ ಹಾಳಾಗಿ ಹೋಗಲಿ!”

ನಾನು ಟೇಬಲ್ಲಿಗೆ ಬಂದು ಕೂತೆ. ಅಜ್ಜಿ ಗಲ್ಲಾದ ಹಿಂದೆ ಕೂತಳು.

ಯಜಮಾನರು ಒಳಗೆ ಬಂದರು. ಗೂಳಿಯಂಥವನು ಬಾಗಿಲಿಗೆ ಅಡ್ಡ ನಿಂತ. ಅವನ ಹೆಗಲಿಗೂ ಚೌಕಟ್ಟಿಗೂ ನಡುವೆ ಬೆಳಕೂ ತೂರುವಂತಿರಲಿಲ್ಲ.

“ಎಲ್ಲಿ, ತಮ್ಮಾ?”

“ತಪ್ಪಾಯ್ತು ಯಜಮಾನರೇ. ಅವಳಲ್ಲ, ಬೇರೆ ಯಾರೋ. ಅವಳೂ ಹೊರಟುಹೋದಳು. ಹಿಂದಿನಿಂದ.”

“ಹಿಂದೆ ಗೋಡೆ ಇದೆ. ನೋಡಿಕೊಂಡೇ ಬಂದೆ.”

ನನ್ನೆದುರು ಕೂತರು. ನಾನು ಅರ್ಧ ತಿಂದು ಬಿಟ್ಟಿದ್ದ ಬನ್ನನ್ನು ತಿರುಗಿಸಿದರು. ಆ ಗುಳಿಯಲ್ಲಿ ತಮ್ಮ ಹೆಬ್ಬೆರಳು ಇಟ್ಟರು. ಅದರಲ್ಲಿ ಕೂರಲಿಲ್ಲ. ಮೆಲ್ಲಗೆ ಒತ್ತಿದರು, ಬನ್ ಹರಿಯಿತು.

“ಒಳಗೆ ಹೋಗಿ ಎಳೆದುಕೊಂಡು ಬರಬಹುದು,” ಎಂದರು. “ಆದರೆ ಕಿರುಚಾಡ್ತಾಳೆ. ಬೀದಿಯಲ್ಲಿ ಜನ ಇದ್ದಾರೆ. ಬೇಡ. ತಾನಾಗೇ ಬರ್ತಾಳೆ.”

“ಯಾಕೆ ಬರ್ತಾಳೆ?”

ಯಜಮಾನರು ಮೂಗೆಳೆದುಕೊಂಡರು.

“ಓವನ್ನಿನಲ್ಲಿ ಟ್ರೇ ಇದೆ, ತಮ್ಮಾ. ಬಣ್ಣ ತಿರುಗ್ತಾ ಇದೆ. ಇನ್ನು ನಾಲ್ಕು ನಿಮಿಷ. ನಾನೇ ಕೆಲಸ ಕಲಿಸಿದ್ದು ಅವಳಿಗೆ. ಬನ್ ಸೀಯೋ ವಾಸನೆ ಬಂದರೆ ಹೆರಿಗೆ ಮಂಚದಿಂದಲೂ ಎದ್ದು ಬರ್ತಾಳೆ.”

ಕೂತೆವು.

ಅಜ್ಜಿ ಎದ್ದಳು. “ನಾನೇ ತೆಗೀತೀನಿ.”

“ಕೂತ್ಕೋ ಅಜ್ಜಿ,” ಎಂದರು. ಬಾಗಿಲಲ್ಲಿದ್ದ ಗೂಳಿ ಒಂದು ಹೆಜ್ಜೆ ಒಳಗಿಟ್ಟ. ಅಜ್ಜಿ ಕೂತಳು.

ಮೊದಲು ಒಳ್ಳೆಯ ವಾಸನೆ. ಆಮೇಲೆ ಸಕ್ಕರೆ ಕಂದಿದ ವಾಸನೆ. ಆಮೇಲೆ...

ಹಿಟ್ಟಿನ ಕೋಣೆಯಿಂದ ಸದ್ದಿಲ್ಲ. ಅವಳಿಗೂ ಓವನ್ನಿಗೂ ನಡುವೆ ಒಂದೇ ಗೋಡೆ. ಬರಬೇಡ ತಾಯೀ... ಬರಬೇಡ... ಸುಟ್ಟು ಬೂದಿಯಾಗಲಿ, ಬರಬೇಡ!

ಬಾಗಿಲ ಸಂದಿಯಿಂದ ತೆಳುವಾಗಿ ಹೊಗೆ ಬಂತು.

ಅವಳು ಬರಲಿಲ್ಲ.

ಯಜಮಾನರ ಬೆರಳುಗಳು ಟೇಬಲ್ಲಿನ ಮೇಲೆ ಬಡಿಯತೊಡಗಿದವು. ಮೂಗು ಅರಳಿತು. ಕುರ್ಚಿಯಲ್ಲಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲಿದರು. ನಲವತ್ತು ವರ್ಷ ಓವನ್ ಮುಂದೆ ನಿಂತ ಮನುಷ್ಯ!

“ತೆಗೀರೋ ಅದನ್ನ!” ಎಂದರು. ದನಿ ಮೆತ್ತಗಿರಲಿಲ್ಲ.

ಯಾರೂ ಅಲುಗಲಿಲ್ಲ.

“ಸೀದು ಹೋಗ್ತಿದೆಯಲ್ಲೋ!”

ಎದ್ದರು. ನುಗ್ಗಿದರು. ಓವನ್ ಕೋಣೆಯೊಳಗೆ ಹೋಗಿ ಬಟ್ಟೆಗಾಗಿ ತಡಕಾಡಿದರು.

ನಾನು ಯೋಚನೆ ಮಾಡಲಿಲ್ಲ ಸಾರ್. ಎದ್ದು ಬಾಗಿಲು ತಳ್ಳಿ ಮುಚ್ಚಿದೆ. ಹೊರಗೆ ತೆರೆಯುವ ಬಾಗಿಲು. ಚಿಲಕಕ್ಕೆ ಕೈ ಹಾಕಿದರೆ ಚಿಲಕವೇ ಇಲ್ಲ! ಅವಳೇ ಕಿತ್ತಿರಬೇಕು, ಉಳಿದದ್ದು ನಾಲ್ಕು ತೂತು ಮಾತ್ರ. ಬೆನ್ನು ಕೊಟ್ಟು ನಿಂತೆ, ಹಿಮ್ಮಡಿ ನೆಲಕ್ಕೆ ಒತ್ತಿ.

ಒಳಗೆ ಓವನ್ ತೆರೆದ ಸದ್ದು. ಟ್ರೇ ಬಿದ್ದ ಸದ್ದು. ಕೆಮ್ಮು.

“ಬಾಗಿಲು ತೆಗಿ!”

“ಯಾಕೆ ಯಜಮಾನರೇ, ಹೊಗೆಯಾ? ಬರೀ ಬನ್ನಿನ ಹೊಗೆ ಅದು!”

“ತೆಗಿಯೋ! ಉಸಿರು... ತೆಗಿಯೋ!”

ಅಷ್ಟರಲ್ಲಿ ಗೂಳಿ ಬಂದ. ಒಂದೇ ಕೈಯಲ್ಲಿ ನನ್ನ ಗಂಟಲು ಹಿಡಿದ. ಕಾಲು ನೆಲ ಬಿಡುವುದರಲ್ಲಿತ್ತು. ಆದರೂ ಬೆನ್ನು ತೆಗೆಯಲಿಲ್ಲ. ಇದ್ದಬದ್ದ ಉಸಿರಲ್ಲಿ ಕೂಗಿದೆ, “ಅವರೂ ಹೀಗೇ ಕೂಗಿದರಾ ಅವತ್ತು? ಬೀಗದ ಕೈ ಹಿಡಿದುಕೊಂಡು ಎಷ್ಟು ಹೊತ್ತು ಕೇಳಿದಿರಿ?”

ಒಳಗಿನಿಂದ ಬಾಗಿಲಿಗೆ ಗುದ್ದು. ಇನ್ನೊಂದು ಗುದ್ದು. ಆಮೇಲೆ ಅಳು.

“ನನಗೆ ಗೊತ್ತಿರಲಿಲ್ಲ! ಅವನು ಒಳಗಿದ್ದಾನೆ ಅಂತ ಗೊತ್ತಿರಲಿಲ್ಲ! ನನ್ನ ಮಗ ಇದ್ದಾನೆ ಅಂತ ಗೊತ್ತಿದ್ದರೆ ತೆಗೀತಿದ್ದೆ!”

ಗಂಟಲ ಮೇಲಿದ್ದ ಕೈ ಬಿಗಿಯುವುದು ನಿಂತಿತು.

ಹಿಟ್ಟಿನ ಕೋಣೆಯಿಂದ ಅವಳು ಬಂದಳು. ತಲೆಯಿಂದ ಕಾಲಿನ ತನಕ ಬೆಳ್ಳಗೆ.

“ಉಳಿದ ಇಬ್ಬರು ಇದ್ದಾರೆ ಅಂತ ಗೊತ್ತಿತ್ತಲ್ಲ, ಮಾವ,” ಎಂದಳು.

ಗೂಳಿಯ ಕೈ ಜಾರಿತು. ಆ ಇಬ್ಬರ ಜೊತೆ ಅವನೂ ಏಳು ವರ್ಷ ಹಿಟ್ಟು ಕಲಸಿದವನಂತೆ. ಅವತ್ತು ಜ್ವರ ಬಂದು ರೂಮಿನಲ್ಲಿ ಮಲಗಿದ್ದನಂತೆ. ಇದು ನನಗೆ ಆಮೇಲೆ ತಿಳಿದದ್ದು. ಆಗ ಕಂಡದ್ದು ಇಷ್ಟೇ... ನನ್ನ ಗಂಟಲು ಹಿಡಿದಿದ್ದ ಕೈಯನ್ನು ಅವನು ಅಂಗಿಗೆ ಒರೆಸಿಕೊಳ್ಳುತ್ತಿದ್ದ.

“ಬಾಗಿಲು ಬಿಡಿ ಅಣ್ಣ,” ಎಂದಳು ಅವಳು ನನಗೆ.

“ಬಿಡಬೇಕಾ?”

“ಬಾಗಿಲು ಹಿಡ್ಕೊಂಡು ನಿಲ್ಲೋರು ಅವರು. ನಾವಲ್ಲ.”

ಸರಿದೆ. ಯಜಮಾನರು ಹೊರಕ್ಕೆ ಉರುಳಿದರು. ಬಿಳಿ ಅಂಗಿ ಮಸಿ. ಅವರನ್ನು ದಾಟಿ ಅವಳು ಒಳಗೆ ಹೋದಳು. ಓವನ್ ಆರಿಸಿದಳು. ಬಿದ್ದಿದ್ದ ಟ್ರೇ ಎತ್ತಿ ಕಲ್ಲಿನ ಮೇಲಿಟ್ಟಳು. ಕರಿ ಇದ್ದಿಲಾಗಿದ್ದ ಬನ್ನುಗಳನ್ನು ಒಂದು ಕ್ಷಣ ನೋಡಿದಳು. ಹೊರಗೆ ಬಂದು ಏಪ್ರನ್ ಬಿಚ್ಚಿ ಗಲ್ಲಾದ ಮೇಲೆ ಮಡಿಸಿಟ್ಟಳು.

“ಎಲ್ಲಿಗೇ?” ಎಂದಳು ಅಜ್ಜಿ.

“ಸರ್ಕಾರಿ ವಕೀಲರ ಹತ್ತಿರ. ನಾಳೆ ತನಕ ಅಲ್ಲೇ ಇರ್ತೀನಿ.”

“ಆಮೇಲೆ ಬರ್ತೀಯಲ್ಲ? ನಾಳಿದ್ದಿಗೆ ನಲವತ್ತು ಬ್ರೆಡ್ ಆರ್ಡರ್ ಇದೆ ಕಣೇ.”

ಅವಳು ಅಜ್ಜಿಯ ಕೆನ್ನೆ ಮುಟ್ಟಿದಳು. ಅಲ್ಲೊಂದು ಬಿಳಿ ಗುರುತು ಉಳಿಯಿತು.

ಬಾಗಿಲ ಕಡೆ ನಡೆದಳು. ಗೂಳಿ ದಾರಿಯಲ್ಲೇ ನಿಂತಿದ್ದ. ಅವಳು ಅವನ ಮುಖ ನೋಡಿದಳು. ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಅಂಗಡಿಯೊಳಗೆ ಬಿಸಿಲು ಬಂತು.

ಮಾರನೆಯ ದಿನ ಸಾಕ್ಷಿ ಹೇಳಿದಳು. ಬಾಗಿಲ ಆಚೆಯಿಂದ ಯಜಮಾನರು ಕೂಗಿದ್ದನ್ನು ಗೂಳಿಯೂ ಹೇಳಿದ. ಆ ಅಂಗಡಿಗೆ ಮಾತ್ರ ಅವಳು ಮತ್ತೆ ಬರಲಿಲ್ಲ.

ಆದರೆ ಆವತ್ತು, ಅವಳು ಮೆಟ್ಟಿಲಿಳಿಯುತ್ತಿದ್ದಾಗ, ಯಜಮಾನರು ನೆಲದಿಂದ ನನ್ನ ಪ್ಯಾಂಟು ಹಿಡಿದು ಜಗ್ಗಿದರು.

“ನೋಡ್ತಾ ನಿಂತಿದ್ದೀಯಲ್ಲೋ! ಹೋಗ್ತಿದ್ದಾಳೆ... ಹಿಡಿಯೋ!”

“ಹುಡುಕೋದು ನನ್ನ ಕೆಲಸ, ಯಜಮಾನರೇ. ಹುಡುಕಿಕೊಟ್ಟೆ. ಹಿಡಿಯೋಕೆ ಬೇರೆ ಯಾರನ್ನಾದರೂ ನೋಡ್ಕೊಳ್ಳಿ.”